ಬೂದಿ ಮುಚ್ಚಿದ ಕೆಂಡ

(ಸಂಘದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ಸಂಜೆಗೆ ನಾನು ಆರಿಸಿಕೊಂಡ ಕೃತಿಯ ಬಗೆಗೆ ನಮ್ಮ ಕಾರ್ಯದರ್ಶಿಗಳು ಕೊಂಚ ಹಿಂಜರಿದರು. ಇಬ್ಬರು ಗಂಡಸರ ಪ್ರೇಮದ ಕಾದಂಬರಿ; ಕುಟುಂಬಸಮೇತರಾಗಿ ಬರುವವರು ಏನೆಂದುಕೊಂಡಾರು ಎಂಬ ಅಳುಕು. ಕೇಂದ್ರ ಸರ್ಕಾರದ ಕಡತಗಳ ನಡುವೆಯೇ ಆಯುಷ್ಯದ ಬಹುಭಾಗ ಕಳೆದ ನನಗೆ ಇದು ಮೊದಲು ಕಂಡದ್ದು ಕಚೇರಿಯ ಕಾದಂಬರಿಯಾಗಿ, ಪ್ರೇಮ ಕಂಡದ್ದು ಆಮೇಲೆ ಎಂದು ಅವರನ್ನು ಒಪ್ಪಿಸಿದೆ.

ಥಾಮಸ್ ಮ್ಯಾಲನ್ ಅವರ ‘ಫೆಲೋ ಟ್ರಾವೆಲರ್ಸ್’ 2007ರಲ್ಲಿ ಪ್ರಕಟವಾಯಿತು. ಕಥೆ ತೆರೆದುಕೊಳ್ಳುವುದು 1991ರ ಟ್ಯಾಲಿನ್ ನಗರದಲ್ಲಾದರೂ ಅದರ ಒಡಲಿರುವುದು 1950ರ ದಶಕದ ವಾಷಿಂಗ್‌ಟನ್ನಿನಲ್ಲಿ. ಟಿಮೊಥಿ ಲಾಫ್ಲಿನ್ ಆಗತಾನೆ ಓದು ಮುಗಿಸಿ ಬಂದ ತರುಣ. ಶ್ರದ್ಧಾವಂತ ಕ್ಯಾಥಲಿಕ್, ಅಷ್ಟೇ ಶ್ರದ್ಧೆಯ ಕಮ್ಯುನಿಸ್ಟ್ ವಿರೋಧಿ. ಹಾಕಿನ್ಸ್ ಫುಲ್ಲರ್ ವಿದೇಶಾಂಗ ಇಲಾಖೆಯ ಅಧಿಕಾರಿ. ಚೆಲುವ, ಚತುರ, ಯಾವುದಕ್ಕೂ ಅಂಟಿಕೊಳ್ಳದವನು. ಅವನ ನೆರವಿನಿಂದ ಟಿಮೊಥಿಗೆ ಸೆನೆಟರ್ ಪಾಟರ್ ಅವರ ಕಚೇರಿಯಲ್ಲಿ ಕೆಲಸ ಸಿಗುತ್ತದೆ. (ಪಾಟರ್ ಕಲ್ಪನೆಯ ಪಾತ್ರವಲ್ಲ, ಮಹಾಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡ ಮಿಶಿಗನ್ ರಾಜ್ಯದ ಸೆನೆಟರ್.)

ಕಾಲ ಎಂಥದು? 1953ರ ಏಪ್ರಿಲ್ 27ರಂದು ಅಧ್ಯಕ್ಷ ಐಸೆನ್‌ಹೋವರ್ 10450ನೆಯ ಆಜ್ಞೆಗೆ ಸಹಿ ಹಾಕಿದರು. ‘ಲೈಂಗಿಕ ವಿಕೃತಿ’ಯೂ ನೌಕರಿಗೆ ಅನರ್ಹತೆಯ ಕಾರಣಗಳಲ್ಲೊಂದಾಯಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಇಂಥವರನ್ನು ಶತ್ರುಗಳು ಬೆದರಿಸಿ ರಹಸ್ಯ ಕಸಿಯಬಹುದು ಎಂಬುದು ವಾದ. ಆದರೆ ಬೆದರಿಕೆಗೆ ಬಲ ಬರುವುದು ನೌಕರಿ ಹೋದೀತೆಂಬ ಭಯದಿಂದ. ಆ ಭಯವನ್ನು ಹುಟ್ಟಿಸಿದ್ದು ಸರ್ಕಾರವೇ. 1950ರಲ್ಲಿ ಸೆನೆಟ್ಟಿನ ಉಪಸಮಿತಿಯೊಂದು ಇದಕ್ಕೆ ನಿದರ್ಶನ ಹುಡುಕಿ, ಕೊನೆಗೆ ಎತ್ತಿ ತೋರಿಸಿದ್ದು ಮೊದಲ ಮಹಾಯುದ್ಧಕ್ಕೂ ಹಿಂದಿನ ಆಸ್ಟ್ರಿಯಾದ ಕರ್ನಲ್ ರೆಡ್ಲ್‌ನನ್ನು! ಸೇನೆಯ ಭೂಪಟ ವಿಭಾಗದಲ್ಲಿದ್ದ ಖಗೋಳ ವಿಜ್ಞಾನಿ ಫ್ರಾಂಕ್ ಕ್ಯಾಮೆನಿ 1957ರಲ್ಲಿ ವಜಾಗೊಂಡು ಹೋರಾಟಕ್ಕಿಳಿದರು. ಸರ್ಕಾರ ಅವರ ಕ್ಷಮೆ ಕೇಳಿದ್ದು 2009ರಲ್ಲಿ.

ಇನ್ನು ಕಾದಂಬರಿಗೆ ಬರೋಣ. ಟಿಮೊಥಿ ಬೇಗನೆ ಸೋಲುತ್ತಾನೆ. ಫುಲ್ಲರ್‌ನ ಮನಸ್ಸು ಮಾತ್ರ ಬೂದಿ ಮುಚ್ಚಿದ ಕೆಂಡದಂತೆ. ಒಳಗೆ ಬಿಸಿಯಿದೆಯೋ ಇಲ್ಲವೋ ಎಂದು ಓದುಗನೂ ಕೈಯೊಡ್ಡಿ ನೋಡುತ್ತಿರಬೇಕು. ಈ ನಿಧಾನ ಬರೀ ಕಥನತಂತ್ರವೆಂದು ನನಗನ್ನಿಸಲಿಲ್ಲ. ಫೋನಿನಲ್ಲಿ ಹೆಸರೆತ್ತುವ ಮೊದಲು ಯೋಚಿಸಬೇಕಾದ ಮನುಷ್ಯನಿಗೆ ಪ್ರೇಮವೂ ಕಡತದ ಹಾಗೆ ಮೇಜಿನಿಂದ ಮೇಜಿಗೆ ತೆವಳುತ್ತದೆ. ಮೆಕಾರ್ಥಿಯ ರಾಜಕಾರಣಕ್ಕೆ ಲೇಖಕರು ಕೊಟ್ಟ ಪುಟಗಳು ಕೆಲವೆಡೆ ಅತಿಯಾದುವು. ನಾನು ಹಾರಿಸಿ ಓದಿದ್ದೂ ಉಂಟು.

ಕೊನೆಗೆ ಟಿಮೊಥಿಯ ಹೆಸರನ್ನು ತನಿಖೆಯವರ ಕಿವಿಗೆ ಮುಟ್ಟಿಸುವವನು ಫುಲ್ಲರ್. ದ್ವೇಷದಿಂದಲ್ಲ, ಸಂಬಂಧವನ್ನು ಮುಗಿಸಲು ಕಚೇರಿಯ ದಾರಿ ಅವನಿಗೆ ಸುಲಭವಾಗಿತ್ತು. ಸದ್ದಿಲ್ಲದೆ ಕೆಲಸವಾಗುತ್ತದೆ. ಈ ಭಾಗಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ.

ಕಾರಣವಿದೆ. ತೊಂಬತ್ತರ ದಶಕದ ಕೊನೆಗೆ ನಾನೊಂದು ಕಚೇರಿಯಲ್ಲಿ ಸಿಬ್ಬಂದಿ ಶಾಖೆ ನೋಡಿಕೊಳ್ಳುತ್ತಿದ್ದಾಗ ಹೆಸರಿಲ್ಲದ ದೂರೊಂದು ಬಂತು. ಇಬ್ಬರು ಅವಿವಾಹಿತ ನೌಕರರು ಒಂದೇ ಮನೆಯಲ್ಲಿದ್ದಾರೆ, ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ, ಕಚೇರಿಯ ಗೌರವಕ್ಕೆ ಕುಂದು ಎಂದು. ಇಬ್ಬರೂ ಒಳ್ಳೆಯ ಕೆಲಸಗಾರರು. 1964ರ ನಡತೆ ನಿಯಮಗಳಲ್ಲಿ ‘ಸರ್ಕಾರಿ ನೌಕರನಿಗೆ ತಕ್ಕದ್ದಲ್ಲದ’ ನಡತೆಯ ಮಾತಿದೆ. ಅದನ್ನು ಬಳಸುವಷ್ಟು ಒರಟ ನಾನಾಗಿರಲಿಲ್ಲ. ‘ಆಡಳಿತದ ಹಿತದೃಷ್ಟಿಯಿಂದ’ ಒಬ್ಬರನ್ನು ದೂರದ ಶಾಖೆಗೆ ಕಳಿಸಬಹುದೆಂದು ಮೂರು ಸಾಲಿನ ಟಿಪ್ಪಣಿ ಬರೆದೆ. ಅಂಗೀಕಾರವಾಯಿತು. ಅವರ ನಡುವೆ ಪ್ರೇಮವಿತ್ತೋ, ಬರೀ ಸ್ನೇಹವೋ, ಬಾಡಿಗೆ ಹಂಚಿಕೊಳ್ಳುವ ಅನುಕೂಲವೋ, ನನಗೆ ಇಂದಿಗೂ ತಿಳಿಯದು. ಟಿಪ್ಪಣಿಗೆ ಅದನ್ನು ತಿಳಿಯುವ ಅಗತ್ಯವಿರಲಿಲ್ಲ.

2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಾಗ ಓದಿ ಮೆಚ್ಚಿದೆ, ಗೆಳೆಯರಿಗೂ ಕೊಟ್ಟೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೆಯ ಕಲಮಿನ ಹಿಡಿತದಿಂದ ಬಿಡಿಸಿದಾಗಲೂ ಸಂತೋಷಪಟ್ಟೆ. ಆ ಎರಡೂ ಸಂದರ್ಭಗಳಲ್ಲಿ ನನ್ನ ಮೂರು ಸಾಲು ನೆನಪಾಗಲಿಲ್ಲ. ನೆನಪಿಸಿದ್ದು ಈ ಕಾದಂಬರಿಯ ಫುಲ್ಲರ್.

ವರ್ಗವಾದವರು ಬಿಡುಗಡೆಯ ಆದೇಶ ಪಡೆಯಲು ನನ್ನ ಮೇಜಿನ ಬಳಿ ಬಂದಿದ್ದರು. ಕಾರಣ ಕೇಳಲಿಲ್ಲ. ಮನೆಯ ಸಾಮಾನು ಬೇರೆ ಮಾಡಿಕೊಳ್ಳಬೇಕು, ಎರಡು ದಿನ ಹೆಚ್ಚಿಗೆ ಸಿಕ್ಕೀತೆ ಎಂದಷ್ಟೇ ಕೇಳಿದರು. ಕೊಡುವ ಅಧಿಕಾರ ನನಗಿತ್ತು. ಆಗುವುದಿಲ್ಲವೆಂದೆ.