ಪುಟ್ಟ ಕಾರಿಗೊಂದು ಅಡ್ಡಸರಳು



ತರಗತಿಯಲ್ಲಿ ನೀವು ಕುಳಿತುಕೊಳ್ಳುವ ಬೆಂಚನ್ನು ಒಮ್ಮೆ ಅಲುಗಿಸಿ ನೋಡಿ. ಹಳೆಯ ಬೆಂಚಾದರೆ ಅದು ಎರಡು ರೀತಿಯಲ್ಲಿ ತೊಂದರೆ ಕೊಡುತ್ತದೆ. ಒಂದು, ಭಾರ ಬಿದ್ದಾಗ ಕಾಲುಗಳು ಅಗಲವಾಗುತ್ತವೆ. ಇನ್ನೊಂದು, ಇಡೀ ಬೆಂಚು ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಬಡಗಿ ಬಂದು ಎರಡು ಕಾಲುಗಳ ನಡುವೆ ಅಡ್ಡಲಾಗಿ ಒಂದು ಪಟ್ಟಿ ಹೊಡೆದರೆ ಮೊದಲನೆಯ ತೊಂದರೆ ನಿಲ್ಲುತ್ತದೆ, ಎರಡನೆಯದು ನಿಲ್ಲುವುದಿಲ್ಲ. ಓಲಾಟ ನಿಲ್ಲಬೇಕಾದರೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಬೇಕು. ಈ ಎರಡು ಪಟ್ಟಿಗಳ ವ್ಯತ್ಯಾಸ ನಿಮಗೆ ಮನದಟ್ಟಾದರೆ ಇಂದಿನ ವಿಷಯದ ಅರ್ಧ ಭಾಗ ತಿಳಿದಂತೆಯೇ. ಇಂದಿನ ವಿಷಯ, ಚಿಕ್ಕ ಕಾರುಗಳ ಬಾನೆಟ್ಟಿನ ಕೆಳಗೆ ಅಡ್ಡಲಾಗಿ ಕೂರಿಸುವ ಸ್ಟ್ರಟ್ ಬ್ರೇಸ್. ಗ್ಯಾರೇಜುಗಳಲ್ಲಿ ಇದನ್ನು ಸ್ಟ್ರಟ್ ಬಾರ್ ಎಂದೂ ಕರೆಯುತ್ತಾರೆ. ಕಾರು ಕಾರ್ಖಾನೆಯಿಂದ ಬಂದಾಗ ಇಲ್ಲದಿದ್ದರೆ ಅಂಗಡಿಯಿಂದ ತಂದು ಹಾಕಿಕೊಳ್ಳಬಹುದಾದ ಒಂದು ಸರಳು.

ಮೊದಲು ಸ್ಟ್ರಟ್ ಎಂದರೇನು ಎಂಬುದನ್ನು ನೋಡೋಣ. ಕಾರಿನ ಮುಂದಿನ ಪ್ರತಿ ಚಕ್ರಕ್ಕೂ ಒಂದು ಸ್ಪ್ರಿಂಗು, ಅದರ ಕುಣಿತವನ್ನು ಅಡಗಿಸಲು ಒಂದು ಶಾಕ್ ಅಬ್ಸಾರ್ಬರ್ ಬೇಕು. ಇವೆರಡನ್ನೂ ಒಂದೇ ಕಂಬವಾಗಿ ಜೋಡಿಸಿ, ಆ ಕಂಬವೇ ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವಂತೆ ಮಾಡಿದವನು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಗಾಗಿ ಷೆವರ್ಲೆ ಕೆಡೆಟ್ ಎಂಬ ಚಿಕ್ಕ ಕಾರಿನ ಯೋಜನೆಯಲ್ಲಿ ಆತ ದುಡಿಯುತ್ತಿದ್ದ. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಆತ ಫೋರ್ಡ್ ಸಂಸ್ಥೆಗೆ ಹೋದ. 1950ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಈ ಕಂಬವಿತ್ತು. ಅಮೆರಿಕದ ಪೇಟೆಂಟು ದೊರೆತದ್ದು 1953ರಲ್ಲಿ. ಬಿಡಿಭಾಗಗಳು ಕಡಿಮೆ, ಹಿಡಿಯುವ ಜಾಗವೂ ಕಡಿಮೆ. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ಓಡಿಸುವ ಚಿಕ್ಕ ಕಾರುಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. 1983ರ ಡಿಸೆಂಬರಿನಲ್ಲಿ ನಮ್ಮ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800ರ ಮುಂಭಾಗದಲ್ಲಿಯೂ ಇದೇ ವ್ಯವಸ್ಥೆ.

ಈ ಕಂಬದ ಬುಡ ಚಕ್ರದ ಬಳಿ ಒಂದು ಅಡ್ಡತೋಳಿಗೆ ಸೇರಿಕೊಂಡಿರುತ್ತದೆ. ನೆತ್ತಿ ಬಾನೆಟ್ಟಿನ ಕೆಳಗೆ ಎಡಬಲಗಳಲ್ಲಿ ಗುಡ್ಡದಂತೆ ಎದ್ದು ನಿಂತಿರುವ ತಗಡಿನ ಮನೆಗೆ ಸೇರುತ್ತದೆ. ಇದಕ್ಕೆ ಸ್ಟ್ರಟ್ ಟವರ್ ಎಂದು ಹೆಸರು. ನಾವು ಗೋಪುರ ಎನ್ನೋಣ. ಬಾನೆಟ್ ಎತ್ತಿದರೆ ದುಂಡನೆಯ ನೆತ್ತಿ, ಅದರ ಸುತ್ತ ಎರಡೋ ಮೂರೋ ನಟ್ಟು ಕಾಣಿಸುತ್ತವೆ. ಎರಡು ಗೋಪುರಗಳ ನಡುವೆ ಎಂಜಿನ್ನು ಕೂರಬೇಕಾದ್ದರಿಂದ ಅಲ್ಲಿ ದೊಡ್ಡ ಬಯಲು. ಬಯಲಿನ ಎರಡು ದಡಗಳಲ್ಲಿರುವ ಈ ಗೋಪುರಗಳ ಮೇಲೆ ಬಲ ಬಿದ್ದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ.

ಅಂದಾಜು ಲೆಕ್ಕ ಹಾಕೋಣ. ಜನರನ್ನೂ ಸೇರಿಸಿ ಕಾರಿನ ತೂಕ 1000 ಕಿಲೋಗ್ರಾಂ, ಅದರಲ್ಲಿ 600 ಕಿಲೋಗ್ರಾಂ ಮುಂದಿನ ಚಕ್ರಗಳ ಮೇಲಿದೆ ಎಂದುಕೊಳ್ಳಿ. ಘಾಟಿಯ ತಿರುವಿನಲ್ಲಿ ತುಸು ಜೋರಾಗಿ ಹೋದಾಗ ಗುರುತ್ವದ ಅರ್ಧದಷ್ಟು ಪಕ್ಕದ ವೇಗೋತ್ಕರ್ಷ ಬಂದರೆ ಮುಂದಿನ ಟೈರುಗಳ ಮೇಲೆ ಪಕ್ಕದಿಂದ ಬೀಳುವ ಬಲ 300 ಕಿಲೋಗ್ರಾಂ ಭಾರದಷ್ಟು. ಇದರಲ್ಲಿ ಹೆಚ್ಚಿನ ಪಾಲು, 200 ಎನ್ನೋಣ, ತಿರುವಿನ ಹೊರಬದಿಯ ಚಕ್ರಕ್ಕೆ. ರಸ್ತೆಯು ಟೈರಿನ ತಳವನ್ನು ಒಳಕ್ಕೆ ನೂಕುತ್ತದೆ. ಕೆಳತೋಳಿನ ಕೀಲು ಸನ್ನೆಕೋಲಿನ ಆಧಾರದಂತೆ ನಿಲ್ಲುತ್ತದೆ. ಆದ್ದರಿಂದ ಕಂಬದ ನೆತ್ತಿ ಹೊರಕ್ಕೆ ಹೋಗಲು ನೋಡುತ್ತದೆ. ನೆಲದಿಂದ ಕೀಲಿಗೆ 20 ಸೆಂಟಿಮೀಟರು, ಕೀಲಿನಿಂದ ನೆತ್ತಿಗೆ 60 ಸೆಂಟಿಮೀಟರು ಎಂದರೆ ಗೋಪುರದ ಪಾಲಿಗೆ ಬರುವುದು ಮೂರನೆಯ ಒಂದು ಭಾಗ, ಸುಮಾರು 70 ಕಿಲೋಗ್ರಾಂ ಭಾರ. ಗುಂಡಿಗೆ ಬಿದ್ದಾಗ ಕಥೆ ಬೇರೆ. ಭಾರ ಹೊತ್ತ ಚಕ್ರ ಕಂಬದ ಗೆರೆಗಿಂತ ಹೊರಗಿರುವುದರಿಂದ ಆಗ ನೆತ್ತಿ ಒಳಕ್ಕೆ ವಾಲಲು ನೋಡುತ್ತದೆ. ಹೀಗೆ ಗೋಪುರಗಳು ಒಮ್ಮೆ ದೂರವಾಗಲು, ಒಮ್ಮೆ ಹತ್ತಿರವಾಗಲು ಹವಣಿಸುತ್ತಲೇ ಇರುತ್ತವೆ. ಅಡ್ಡಸರಳು ಈ ದೂರವನ್ನು ಕಾಯುತ್ತದೆ. ಹಂಚಿನ ಮನೆಯ ಮಾಡಿನ ಭಾರಕ್ಕೆ ಗೋಡೆಗಳು ಹೊರಕ್ಕೆ ಬಾಗದಂತೆ ಅಡ್ಡತೊಲೆ ಹಿಡಿದಿರುವುದನ್ನು ನೀವು ನೋಡಿರುತ್ತೀರಿ. ನಮ್ಮ ಸ್ಟುಡಿಯೋದ ಕ್ಯಾಮೆರಾ ಮುಕ್ಕಾಲಿಯ ತಳದಲ್ಲಿಯೂ ಕಾಲುಗಳು ಜಾರದಂತೆ ಮೂರು ಕವಲಿನ ಒಂದು ಪಟ್ಟಿ ಇರುತ್ತದೆ. ಅದನ್ನು ತೆಗೆದು ಭಾರದ ಕ್ಯಾಮೆರಾ ಇಟ್ಟು ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ!

ಆದರೆ ಬೆಂಚಿನ ಪಾಠವನ್ನು ಮರೆಯಬೇಡಿ. ಎರಡು ಗೋಪುರಗಳೂ ಒಟ್ಟಿಗೆ ಎಡಕ್ಕೆ ವಾಲಿದರೆ ಅವುಗಳ ನಡುವಣ ದೂರ ಬದಲಾಗುವುದೇ ಇಲ್ಲ. ಸರಳು ಸುಮ್ಮನೆ ಜೊತೆಯಲ್ಲಿ ಹೋಗುತ್ತದೆ. ನಾಲ್ಕು ಬಾಹುಗಳ ಚೌಕಟ್ಟಿನ ಮೂಲೆಗಳು ಕೀಲಿನಂತಿದ್ದರೆ ಅದು ಓಲಾಡಿಯೇ ತೀರುತ್ತದೆ. ತ್ರಿಭುಜ ಮಾತ್ರ ಓಲಾಡದು. ರಟ್ಟಿನ ಪಟ್ಟಿಗಳನ್ನು ಗುಂಡುಸೂಜಿಯಿಂದ ಜೋಡಿಸಿ ಎರಡೇ ನಿಮಿಷದಲ್ಲಿ ಇದನ್ನು ನೋಡಬಹುದು. ಆದ್ದರಿಂದಲೇ ಕೆಲವು ಬ್ರೇಸುಗಳಿಗೆ ಎಂಜಿನ್ನಿನ ಹಿಂದಿನ ತಗಡುಗೋಡೆಗೆ ಕಟ್ಟುವ ಮೂರನೆಯ ಕಾಲೊಂದು ಇರುತ್ತದೆ. ಅಂಗಡಿಯಲ್ಲಿ ಇದರ ಬೆಲೆ ಹೆಚ್ಚೆಂದು ಮೂಗು ಮುರಿಯುವವರು ಜ್ಯಾಮಿತಿಯನ್ನು ಮರೆತವರು ಎಂದೇ ನನ್ನ ಅಭಿಪ್ರಾಯ. ಆದರೆ ಆ ಮೂರನೆಯ ಬಿಂದು ತೆಳು ತಗಡಾಗಿದ್ದರೆ, ಅದೂ ಹೆಸರಿಗಷ್ಟೇ.

ಇನ್ನು ಸರಳಿನ ಆಕಾರ. ಜನ ಸಾಮಾನ್ಯವಾಗಿ ಕೇಳುವುದು ಉಕ್ಕೋ ಅಲ್ಯೂಮಿನಿಯಮ್ಮೋ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಅದು ನೇರವೋ ಡೊಂಕೋ ಎಂಬುದು. ಹೊರವ್ಯಾಸ 30 ಮಿಲಿಮೀಟರು, ತಗಡಿನ ದಪ್ಪ 2 ಮಿಲಿಮೀಟರು, ಉದ್ದ 1 ಮೀಟರು ಇರುವ ಉಕ್ಕಿನ ಕೊಳವೆಯನ್ನು ತೆಗೆದುಕೊಳ್ಳಿ. ಅದರ ಎರಡು ತುದಿಗಳನ್ನು 100 ಕಿಲೋಗ್ರಾಂ ಭಾರದಿಂದ ನೇರವಾಗಿ ಒತ್ತಿದರೆ ಅದು ಕುಗ್ಗುವುದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗಕ್ಕೂ ಕಡಿಮೆ. ಒಂದು ತಲೆಗೂದಲಿನ ದಪ್ಪದ ಅರ್ಧವೂ ಅಲ್ಲ. ಅದೇ ಅಳತೆಯ ಅಲ್ಯೂಮಿನಿಯಂ ಇದರ ಮೂರರಷ್ಟು ಕುಗ್ಗುತ್ತದೆ, ಆಗಲೂ ಅದು ಅತ್ಯಲ್ಪ. ಈಗ ಅದೇ ಉಕ್ಕಿನ ಕೊಳವೆಯನ್ನು ಎಂಜಿನ್ನಿಗೆ ತಗಲದಿರಲೆಂದು ತುದಿಗಳಿಗಿಂತ 5 ಸೆಂಟಿಮೀಟರು ಮೇಲಕ್ಕೆ ಎತ್ತಿ ಬಾಗಿಸಿ, ತುದಿಗಳಲ್ಲಿ ಒಂದೊಂದೇ ಬೋಲ್ಟಿನ ಕೀಲು ಕೊಡಿ. ಕೊಳವೆ ಕುಗ್ಗುವುದರ ಬದಲು ಬಿಲ್ಲಿನಂತೆ ಬಾಗತೊಡಗುತ್ತದೆ. ಆಗ ತುದಿಗಳು ಹತ್ತಿರವಾಗುವುದು ಸುಮಾರು ಮುಕ್ಕಾಲು ಮಿಲಿಮೀಟರು, ಎಂದರೆ ಮೊದಲಿನ 25 ಪಟ್ಟು! ಎತ್ತಿದ ದೂರ ಇಮ್ಮಡಿಯಾದರೆ ಈ ಬಾಗುವಿಕೆ ನಾಲ್ಮಡಿಯಾಗುತ್ತದೆ. ಥಳಥಳ ಬಣ್ಣ, ಅಲಂಕಾರದ ಬಾಗು ಇರುವ ಉಕ್ಕಿಗಿಂತ ನೇರವಾದ ಸಾದಾ ಅಲ್ಯೂಮಿನಿಯಂ ಎಷ್ಟೋ ಮೇಲು.

ಇಷ್ಟೆಲ್ಲ ಆದ ಮೇಲೂ, ಚಾಲಕನಿಗೆ ವ್ಯತ್ಯಾಸ ತಿಳಿಯುತ್ತದೆಯೇ? ಗೋಪುರದ ನೆತ್ತಿ 1 ಮಿಲಿಮೀಟರು ಸರಿದರೆ ಚಕ್ರದ ವಾಲು, ಅಂದರೆ ಕ್ಯಾಂಬರ್, ಬದಲಾಗುವುದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು. ಕಂಬದ ನೆತ್ತಿಯಲ್ಲಿರುವ ರಬ್ಬರು ದಿಂಬೂ ಟೈರಿನ ಪಕ್ಕೆಯೂ ಇದಕ್ಕಿಂತ ಹೆಚ್ಚು ಕದಲುತ್ತವೆ. ಪಂದ್ಯದ ಹಾದಿಯಲ್ಲಿ, ಬಿಗಿಯಾದ ಸ್ಪ್ರಿಂಗು ಮತ್ತು ರಸ್ತೆಯನ್ನು ಕಚ್ಚುವ ಟೈರು ಇರುವ ಕಾರಿಗೆ ಸರಳಿನಿಂದ ಪ್ರಯೋಜನ ಕಾಣುತ್ತದೆ. ಪೇಟೆಯಲ್ಲಿ ಕಾಲೇಜಿಗೆ ಹೋಗಿಬರುವ ಕಾರಿಗೆ ಕಾಣುವುದು ಕಷ್ಟ. ನನ್ನ ಅಕ್ಕನ ಮಗ ಮೊದಲ ಸಂಬಳದಲ್ಲಿ ಹಳೆಯ ಪುಟ್ಟ ಕಾರು ಕೊಂಡು, "ಮಾಮ, ಬಾರ್ ಹಾಕಿಸಿದ್ರೆ ಗಾಡಿ ರೋಡು ಹಿಡಿಯುತ್ತಲ್ವಾ?" ಎಂದು ಕೇಳಿದ. ಟೈರು ನೋಡಿದೆ, ಬೋಳಾಗಿದ್ದವು. "ರೋಡು ಹಿಡಿಯೋದು ಟೈರು ಕಣೋ, ಮೊದಲು ಅದನ್ನ ಬದಲಾಯಿಸು" ಎಂದೆ. ಕಾರಿನ ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ಬಳಸಬಾರದೆಂದು ನಿಯಮವಿದೆ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಆ ಗೀರು ಉಳಿಸುವ ಜೀವವನ್ನು ಯಾವ ಸರಳೂ ಉಳಿಸಲಾರದು.

ಮುಂಭಾಗದಲ್ಲಿ ಕಟಕಟ ಸದ್ದು ಬರುತ್ತದೆಂದು ಬ್ರೇಸ್ ಹಾಕಿಸುವವರೂ ಇದ್ದಾರೆ. ಆ ಸದ್ದು ಬಹುಮಟ್ಟಿಗೆ ಸವೆದ ರಬ್ಬರಿನದೋ ಸಡಿಲಗೊಂಡ ಬಾಲ್ ಜಾಯಿಂಟಿನದೋ ಆಗಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಗೋಪುರದ ತಗಡೇ ತುಕ್ಕು ಹಿಡಿದಿದ್ದರೆ ಬ್ರೇಸ್ ಅದನ್ನು ಮುಚ್ಚಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

ಹಾಗಾದರೆ ನಿಮ್ಮ ಕಾರಿಗೆ ಸರಳು ಬೇಕೇ ಎಂದು ತಿಳಿಯುವುದು ಹೇಗೆ? ಅಳೆಯಿರಿ. ಒಂದು ಪಿವಿಸಿ ಕೊಳವೆ, ಅದರೊಳಗೆ ಸಡಿಲವಿಲ್ಲದೆ ಜಾರುವ ಮರದ ಕೋಲು, ಇವಿಷ್ಟು ಸಾಕು. ಎಂಜಿನ್ನು ಆರಿಸಿ ತಣ್ಣಗಾದ ಮೇಲೆ ಒಂದರ ತುದಿಯನ್ನು ಎಡ ಗೋಪುರಕ್ಕೂ ಇನ್ನೊಂದರ ತುದಿಯನ್ನು ಬಲ ಗೋಪುರಕ್ಕೂ ತಂತಿಯಿಂದ ಬಿಗಿದು, ಕೋಲು ಕೊಳವೆಯೊಳಗೆ ಹೋಗುವಲ್ಲಿ ಚೂಪಾದ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮನೆಯ ಹಿರಿಯರೋ ಮೆಕ್ಯಾನಿಕ್ಕೋ ಸಮತಟ್ಟಾದ ನೆಲದಲ್ಲಿ ಮುಂದಿನ ಒಂದು ಬದಿಯನ್ನು ಜ್ಯಾಕ್‌ನಿಂದ ಎತ್ತಲಿ. ಗೆರೆ ಎಷ್ಟು ಸರಿಯಿತೆಂದು ನೋಡಿ. ಜ್ಯಾಕ್ ಮೇಲಿರುವ ಕಾರಿನ ಅಡಿಗೆ ಕೈಕಾಲು ಹಾಕಬೇಡಿ. ವರ್ಕ್‌ಷಾಪಿನಲ್ಲಿ ಡಯಲ್ ಗೇಜ್ ಸಿಕ್ಕರೆ ಮಿಲಿಮೀಟರಿನ ನೂರನೆಯ ಭಾಗವನ್ನೂ ಓದಬಹುದು. ತಿರುವಿನಲ್ಲಿ ಬೀಳುವ ಬಲವೇ ಇದಲ್ಲ, ನಿಜ. ಆದರೂ ಗೆರೆ ಕಣ್ಣಿಗೆ ಕಾಣುವಷ್ಟು ಸರಿಯದಿದ್ದರೆ ಸರಳಿಗೆ ಅಲ್ಲಿ ದೊಡ್ಡ ಕೆಲಸವೇನೂ ಇಲ್ಲ.

ಬೇಕೆಂದು ತೀರ್ಮಾನವಾದರೆ, ಕೂರಿಸುವಾಗ ನಾಲ್ಕು ಚಕ್ರಗಳೂ ಸಮನೆಲದ ಮೇಲಿರಬೇಕು. ಕಾರನ್ನು ಎತ್ತಿಟ್ಟು ಕೂರಿಸಿದರೆ ಇಳಿಸಿದ ಕೂಡಲೇ ಸರಳಿನಲ್ಲಿ ಬೇಡದ ಒತ್ತಡ ಸೇರಿಕೊಳ್ಳುತ್ತದೆ. ಗೋಪುರದ ಸುತ್ತಲಿನ ನಟ್ಟುಗಳನ್ನು ಮಾತ್ರ ತೆಗೆಯಬೇಕು. ನಟ್ಟನಡುವಿನ ದೊಡ್ಡ ನಟ್ಟನ್ನು ಮುಟ್ಟಲೇಬಾರದು. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೇ. ಸುತ್ತಲಿನ ನಟ್ಟುಗಳೇ ಇಲ್ಲದ ಕಾರುಗಳೂ ಇವೆ. ಅವುಗಳಿಗೆ ಆಯಾ ಮಾದರಿಗೆಂದೇ ಮಾಡಿದ ಬ್ರೇಸ್ ಬೇಕು. ಬ್ರೇಸಿನ ತಳಹಲಗೆ ಕೂತ ಮೇಲೆ ನಟ್ಟು ಪೂರ್ತಿ ಇಳಿದು, ಅದರ ಮೇಲೆ ಒಂದೆರಡು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಒಮ್ಮೆ ನಾನು ನೋಡುತ್ತಿದ್ದಾಗ, ಬೇರೆಲ್ಲೋ ಬ್ರೇಸ್ ಹಾಕಿಸಿಕೊಂಡು ಬಂದ ಕಾರಿನ ನಟ್ಟನ್ನು ಮೆಕ್ಯಾನಿಕ್ಕೊಬ್ಬರು ಬೆರಳಿನಲ್ಲೇ ತಿರುಗಿಸಿ ತೆಗೆದರು. "ಹಲಗೆ ದಪ್ಪ ಸಾರ್, ನಟ್ಟು ಎರಡೇ ಸುತ್ತು ಹಿಡಿದಿದೆ. ಇದರ ಮೇಲೇ ಫ್ಯಾಮಿಲಿ ಕೂರಿಸ್ಕೊಂಡು ಘಾಟಿ ಇಳಿದಿದಾರೆ" ಎಂದರು. ಆ ನಟ್ಟುಗಳು ಬ್ರೇಸನ್ನಷ್ಟೇ ಹಿಡಿದಿಲ್ಲ, ಕಂಬವನ್ನೇ ಕಾರಿಗೆ ಹಿಡಿದಿವೆ ಎಂಬುದು ನೆನಪಿರಲಿ.

ನಟ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪ ಬಿಗಿದು, ಕೊನೆಗೆ ಆ ಕಾರಿನ ಕೈಪಿಡಿಯಲ್ಲಿರುವಷ್ಟೇ ಬಿಗಿತವನ್ನು ಟಾರ್ಕ್ ರೆಂಚಿನಿಂದ ಕೊಡಬೇಕು. ತೋಳ್ಬಲ ತೋರಿಸಿದರೆ ಬೋಲ್ಟು ತುಂಡಾಗುತ್ತದೆ. ಉದ್ದ ಹೊಂದಿಸುವ ತಿರುಪು ಇದ್ದರೆ ಸಡಿಲ ಹೋಗುವವರೆಗೆ ಮಾತ್ರ ತಿರುಗಿಸಿ ನಿಲ್ಲಿಸಿ. ಗೋಪುರಗಳನ್ನು ಅಗಲಿಸುವುದು ಅದರ ಕೆಲಸವಲ್ಲ. ಬ್ಯಾಟರಿಯ ಧನಧ್ರುವಕ್ಕೆ, ಬ್ರೇಕಿನ ಕೊಳವೆಗಳಿಗೆ ಸರಳು ತಗಲಬಾರದು. ಎಂಜಿನ್ನು ತನ್ನ ರಬ್ಬರುಗಳ ಮೇಲೆ ಹೊಯ್ದಾಡುವುದರಿಂದ ಅದಕ್ಕೂ ಸರಳಿಗೂ ನಡುವೆ ಧಾರಾಳ ಜಾಗ ಬೇಕು. ಬಾನೆಟ್ಟಿಗೆ ತಗಲುತ್ತದೆಯೇ ಎಂದು ತಿಳಿಯಲು ಸರಳಿನ ಮೇಲೆ ಅಲ್ಲಲ್ಲಿ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ, ಉಂಡೆ ಎಷ್ಟು ಚಪ್ಪಟೆಯಾಯಿತೆಂದು ನೋಡಿ. ಬಾನೆಟ್ಟಿನ ಕೆಳಗಣ ಆ ಬಿಡುವು ವ್ಯರ್ಥ ಜಾಗವಲ್ಲ; ಪಾದಚಾರಿಗೆ ಕಾರು ಬಡಿದರೆ ಅವರ ತಲೆಗೆ ತಗಡು ತಗ್ಗಿ ಕೊಡಲೆಂದು ಇರುವ ಜಾಗ. ಇನ್ನೊಂದು ಮಾತು. ಅಪಘಾತದಲ್ಲಿ ಒಂದು ಗೋಪುರಕ್ಕೆ ಬಿದ್ದ ಪೆಟ್ಟನ್ನು ಸರಳು ಇನ್ನೊಂದಕ್ಕೂ ದಾಟಿಸಬಲ್ಲದು.

ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಬಿಗಿಯಾಗಿಯೇ ಅರ್ಥೈಸಿತು. ಹಣ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ, ವಿಮೆಯವರಲ್ಲಿ, ವಾರಂಟಿ ಇದ್ದರೆ ಮಾರಾಟಗಾರರಲ್ಲಿ ವಿಚಾರಿಸಿ. ಗೋಪುರಕ್ಕೆ ಹೊಸ ತೂತು ಕೊರೆಯುವ, ಬೆಸುಗೆ ಹಾಕುವ ಮಾತು ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ನೋಡಿಸಿ. ನೂರು ಕಿಲೋಮೀಟರು ಓಡಿದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ರೆಂಚಿನಿಂದ ಪರೀಕ್ಷಿಸಿ. ಹೊಸ ಬಣ್ಣ ಬಳಿದ ತಳಹಲಗೆಯಾದರೆ ಬಣ್ಣದ ಪದರ ಅದುಮಿ ಹೋಗಿ ನಟ್ಟು ಸಡಿಲಗೊಂಡಿರುವುದುಂಟು.