ಅಪ್ಪರ್ ಹೊಲಿಯುವ ಕೈಗಳು



ಬಟ್ಟೆಗೆ ಹಾಕಿದ ಹೊಲಿಗೆ ಗೆರೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ನಾಲ್ಕು ಸಲ ಒಗೆದ ಮೇಲೆ ಸೂಜಿ ಹೋದ ತೂತಿನ ಗುರುತೂ ಸಿಗುವುದಿಲ್ಲ. ತೊಗಲಿನಲ್ಲಿ ಮಾತ್ರ ಒಮ್ಮೆ ಬಿದ್ದ ತೂತು ಕೊನೆಯವರೆಗೂ ಉಳಿಯುತ್ತದೆ. ಹೊಲಿಗೆ ಎರಡು ಮಿಲಿಮೀಟರ್ ಆಚೆ ಸರಿದರೆ ಆ ತುಂಡು ಹಾಳು. ಬಣ್ಣ, ಹದ ಹೊಂದಿಸಿ ಇನ್ನೊಂದು ಕಾಲಿಗಾಗಿ ಕತ್ತರಿಸಿಟ್ಟ ಅದರ ಜೊತೆಯೂ ವ್ಯರ್ಥ. ಹಾಗಾಗಿ ಬೂಟಿನ ಮೇಲ್ಭಾಗವನ್ನು, ಅಂದರೆ ಕಸುಬಿನವರು ಅಪ್ಪರ್ ಎಂದು ಕರೆಯುವುದನ್ನು, ಮೆಷಿನ್ನಿನಲ್ಲಿ ಹೊಲಿಯಲು ಕಲಿಯುವವರಿಗೆ ಶುರುವಿನಲ್ಲಿ ತೊಗಲೂ ಸಿಗುವುದಿಲ್ಲ, ದಾರವೂ ಸಿಗುವುದಿಲ್ಲ. ಕೈಗೆ ಬರುವುದು ಗೆರೆ ಎಳೆದ ಕಾಗದ. ದಾರವಿಲ್ಲದ ಸೂಜಿಯಿಂದ ಆ ಗೆರೆಯ ಮೇಲೇ ತೂತು ಬೀಳಿಸುತ್ತಾ ಹೋಗಬೇಕು. ಮೊದಲು ನೇರ ಗೆರೆ, ಆಮೇಲೆ ಚೌಕದ ಮೂಲೆ, ಆಮೇಲೆ ಬಾಗು, ಕೊನೆಗೆ ಸುರುಳಿ. ಕಾಗದ ಸುಳ್ಳು ಹೇಳುವುದಿಲ್ಲ. ಬೆಳಕಿಗೆ ಎತ್ತಿ ಹಿಡಿದರೆ ಕೈ ಎಲ್ಲಿ ತಡವರಿಸಿತು, ಕಾಲು ಎಲ್ಲಿ ಪೆಡಲನ್ನು ಹೆಚ್ಚು ಒತ್ತಿತು ಎಂಬುದೆಲ್ಲ ಕಾಣುತ್ತದೆ.

ಪಾದರಕ್ಷೆಯ ಯಂತ್ರಗಳ ಚರಿತ್ರೆ ಎಂದರೆ ಸಾಮಾನ್ಯವಾಗಿ ಪೇಟೆಂಟು ಪಡೆದವರ ಚರಿತ್ರೆಯನ್ನೇ ಹೇಳುತ್ತಾರೆ. ಆ ಹೆಸರುಗಳು ಬೇಕು, ನಾನೂ ಹೇಳುತ್ತೇನೆ. ಆದರೆ ಆ ಯಂತ್ರದ ಮುಂದೆ ಕುಳಿತು ಅದನ್ನು ಕಲಿತವರ ಕಥೆ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಹೆಂಗಸರು.

ಯಂತ್ರಕ್ಕೆ ಮುಂಚೆ ಯುರೋಪಿನಲ್ಲಿ ಅಪ್ಪರ್ ಹೊಲಿಯುವ ಬಗೆ ಹೀಗಿತ್ತು. ತೊಗಲಿನ ಎರಡು ತುಂಡುಗಳನ್ನು ಮರದ ಇಕ್ಕುಳದಲ್ಲಿ ಸಿಕ್ಕಿಸಿ, ಇಕ್ಕುಳವನ್ನು ಮಂಡಿಗಳ ನಡುವೆ ಅದುಮಿ ಹಿಡಿಯುತ್ತಿದ್ದರು. ದಬ್ಬಳದಿಂದ ತೂತು ಮಾಡಿ, ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗಳನ್ನೂ ಎದುರುಬದುರಾಗಿ ಆ ಒಂದೇ ತೂತಿನಲ್ಲಿ ತೂರಿಸಿ ಎಳೆಯುತ್ತಿದ್ದರು. ದಾರದ ತುದಿಗೆ ಸೂಜಿಯ ಬದಲು ಹಂದಿಯ ಬಿರುಗೂದಲನ್ನು ಹೊಸೆದಿರುತ್ತಿದ್ದರು. ಬಲವಾದ ಹೊಲಿಗೆ, ಆದರೆ ನಿಧಾನ.

ಇದನ್ನು ಯಂತ್ರಕ್ಕೆ ವಹಿಸುವ ಯೋಚನೆ ಹುಟ್ಟಿದ್ದು 1790ರಲ್ಲಿ. ಲಂಡನ್ನಿನಲ್ಲಿ ಮರದ ಪೀಠೋಪಕರಣ ಮಾಡುತ್ತಿದ್ದ ಥಾಮಸ್ ಸೇಂಟ್ ಎಂಬಾತ ಆ ವರ್ಷ ಪಡೆದ ಪೇಟೆಂಟಿನಲ್ಲಿ ಬೂಟು, ಷೂ ಹೊಲಿಯುವ ಯಂತ್ರದ ಚಿತ್ರವಿದೆ. ಅದರಲ್ಲಿ ಮೊದಲು ಒಂದು ದಬ್ಬಳ ಇಳಿದು ತೂತು ಮಾಡುತ್ತದೆ, ಹಿಂದೆಯೇ ಸೂಜಿ ದಾರವನ್ನು ಒಯ್ಯುತ್ತದೆ. ಹೊಲಿಗೆ ಯಂತ್ರದ ಮೊದಲ ಕನಸು ಅಂಗಿಯದಲ್ಲ, ಜೋಡಿನದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಆ ಕಾಗದಗಳು ಪೇಟೆಂಟ್ ಕಚೇರಿಯ ಕಡತಗಳಲ್ಲಿ ಮರೆತೇಹೋಗಿದ್ದವು. 1870ರ ದಶಕದಲ್ಲಿ ನ್ಯೂಟನ್ ವಿಲ್ಸನ್ ಎಂಬ ಹೊಲಿಗೆ ಯಂತ್ರ ತಯಾರಕ ಅವನ್ನು ಹುಡುಕಿ ತೆಗೆದು, ಅದರಂತೆ ಒಂದು ಯಂತ್ರ ಮಾಡಿದ. ಓಡಿಸಲು ಕೆಲವು ಭಾಗಗಳನ್ನು ತಿದ್ದಬೇಕಾಯಿತು. ಆ ಪ್ರತಿಕೃತಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಕೆಲಸಕ್ಕೆ ಬರುವ ಯಂತ್ರಕ್ಕಾಗಿ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. 1846ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಎಲಿಯಾಸ್ ಹೋವ್ ಲಾಕ್‌ಸ್ಟಿಚ್ ಯಂತ್ರಕ್ಕೆ ಪೇಟೆಂಟ್ ಪಡೆದ. 1851ರಲ್ಲಿ ಐಸಾಕ್ ಸಿಂಗರ್ ತನ್ನದನ್ನು ತಂದ. ಲಾಕ್‌ಸ್ಟಿಚ್‌ನಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ತೊಗಲಿನ ದಪ್ಪದ ನಡುಮಧ್ಯೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಂದೇ ದಾರದ ಸರಪಳಿ ಹೊಲಿಗೆ ಎಲ್ಲೋ ಒಂದು ಕಡೆ ಕಡಿದರೆ ಉದ್ದಕ್ಕೂ ಬಿಚ್ಚಿಹೋಗುವ ಅಪಾಯವಿದೆ, ಇದಕ್ಕೆ ಆ ಭಯವಿಲ್ಲ. ನಡೆದಾಗಲೆಲ್ಲ ಮಡಚಿ ಬಿಚ್ಚುವ ಅಪ್ಪರ್‌ಗೆ ಇಂಥ ಹೊಲಿಗೆಯೇ ಬೇಕಿತ್ತು. 1850ರ ದಶಕದ ಆರಂಭದಲ್ಲಿ ಲಿನ್ ಪಟ್ಟಣದ ಜಾನ್ ಬ್ರೂಕ್ಸ್ ನಿಕೋಲ್ಸ್ ಎಂಬಾತ, ತಾನೇ ಜೋಡು ಮಾಡುವವನು, ಹೊಲಿಗೆ ಯಂತ್ರವನ್ನು ತೊಗಲಿನ ಕೆಲಸಕ್ಕೆ ಹೊಂದಿಸಿದ.

ಈ ಲಿನ್ ಪಟ್ಟಣದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಬಾಸ್ಟನ್ನಿಗೆ ಹತ್ತಿರದ ಕಡಲತೀರದ ಊರು. ಅಲ್ಲಿನ ಗಂಡಸರು ಮನೆಯ ಪಕ್ಕದ ಪುಟ್ಟ ಗುಡಿಸಲಿನಲ್ಲಿ ಕೂತು ಅಟ್ಟೆ ಕೂಡಿಸುವ ಕೆಲಸ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ವ್ಯಾಪಾರ ಬೆಳೆದು ಕೈಗಳು ಸಾಲದಾದಾಗ ಅಪ್ಪರ್ ಹೊಲಿಗೆ ಮನೆಯ ಒಳಕ್ಕೆ, ಹೆಂಡತಿ ಮಕ್ಕಳ ಕೈಗೆ ಬಂತು. ಅಡುಗೆ, ಮಗು, ಮುಸುರೆಗಳ ನಡುವೆ ಅವರು ಹೊಲಿದರು. ಆದರೆ ಗಂಡುಮಕ್ಕಳಿಗೆ ಸಿಗುತ್ತಿದ್ದ ಪೂರ್ತಿ ಕಸುಬಿನ ಶಿಕ್ಷಣ ಅವರಿಗೆ ಸಿಗಲಿಲ್ಲ. ಅವರಿಗೆ ಕಲಿಸಿದ್ದು ಅಪ್ಪರ್ ಒಂದನ್ನೇ. ಅವರನ್ನು ಬೈಂಡರ್ ಎಂದು ಕರೆದರೇ ಹೊರತು ಜೋಡು ಮಾಡುವವರು ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಕಸುಬಿನ ಕೂಲಿಯ ಇತಿಹಾಸದಲ್ಲಿ ಮೊದಲ ಅನ್ಯಾಯ ನಡೆದದ್ದು ಯಂತ್ರ ಬಂದಾಗಲ್ಲ, ಇಲ್ಲಿ ಎಂದು ನಾನು ತಿಳಿದಿದ್ದೇನೆ.

ಯಂತ್ರ ಬಂದ ಮೇಲೆ ಬೈಂಡರುಗಳು ಎರಡು ಪಾಲಾದರು. ಪ್ರಾಯದ ಹುಡುಗಿಯರು ಕಾರ್ಖಾನೆಗೆ ಹೋಗಿ ಯಂತ್ರ ಕಲಿತರು. ಮದುವೆಯಾದವರು ಮನೆಯಲ್ಲೇ ಉಳಿದು, ದಿನದಿನಕ್ಕೆ ಇಳಿಯುತ್ತಿದ್ದ ಕೂಲಿಗೆ ಕೈಹೊಲಿಗೆ ಮುಂದುವರಿಸಿದರು. 1857ರ ಆರ್ಥಿಕ ಕುಸಿತದ ನಂತರ ಕೂಲಿ ಕಡಿತವಾಗಿ, 1860ರ ಫೆಬ್ರವರಿ 22ರಂದು ಲಿನ್‌ನಲ್ಲಿ ಮುಷ್ಕರ ಶುರುವಾಯಿತು. ಅಕ್ಕಪಕ್ಕದ ಊರುಗಳಿಗೂ ಹಬ್ಬಿ, ಅಂತರ್ಯುದ್ಧಕ್ಕೆ ಮುಂಚಿನ ಅಮೆರಿಕದ ಅತಿ ದೊಡ್ಡ ಮುಷ್ಕರವಾಯಿತು. ಮಾರ್ಚ್ 7ರಂದು ಹಿಮ ಸುರಿಯುತ್ತಿರುವಾಗಲೇ ನೂರಾರು ಹೆಂಗಸರು ಬೀದಿಯಲ್ಲಿ ಮೆರವಣಿಗೆ ಹೋದರು. ಅದರ ಚಿತ್ರ ಅಂದಿನ ಸಚಿತ್ರ ಪತ್ರಿಕೆಯಲ್ಲಿ ಬಂತು. ಆದರೆ ಸಭೆಗಳ ಒಳಗೆ ಮನೆಯಲ್ಲಿ ಹೊಲಿಯುವವರಿಗೂ ಕಾರ್ಖಾನೆಯಲ್ಲಿ ಹೊಲಿಯುವವರಿಗೂ ಯಾವ ದರ ಕೇಳಬೇಕೆಂಬ ಬಗ್ಗೆ ಒಮ್ಮತ ಬರಲಿಲ್ಲ. ಒಂದೇ ಕೆಲಸ, ಎರಡು ಜಾಗ, ಎರಡು ಬೆಲೆ. 1869ರಲ್ಲಿ ಅದೇ ಊರಿನಲ್ಲಿ ಹೊಲಿಗೆಯ ಹೆಂಗಸರು ಡಾಟರ್ಸ್ ಆಫ್ ಸೇಂಟ್ ಕ್ರಿಸ್ಪಿನ್ ಎಂಬ ಸಂಘ ಕಟ್ಟಿದರು. ಅಮೆರಿಕದ ಮೊಟ್ಟಮೊದಲ ರಾಷ್ಟ್ರಮಟ್ಟದ ಮಹಿಳಾ ಕಾರ್ಮಿಕ ಸಂಘ ಅದು.

ಇಂಗ್ಲೆಂಡಿನಲ್ಲಿ ಇದೇ ಯಂತ್ರ ಬೇರೆ ಬಗೆಯ ಸಿಟ್ಟನ್ನು ಎಬ್ಬಿಸಿತು. ಜೋಡಿನ ಊರು ಎಂದೇ ಹೆಸರಾದ ನಾರ್ಥಾಂಪ್ಟನ್‌ನಲ್ಲಿ 1857ರಿಂದ 1859ರವರೆಗೆ ಕೆಲಸಗಾರರು ಯಂತ್ರದಲ್ಲಿ ಹೊಲಿದ ಅಪ್ಪರ್‌ಗಳನ್ನು ವಿರೋಧಿಸಿ ಹೋರಾಡಿ ಸೋತರು. ಜರ್ಮನಿಯ ಕೈಸರ್‌ಸ್ಲೌಟರ್ನ್‌ನಲ್ಲಿ ತುತ್ತೂರಿ, ಕಹಳೆ ಮಾಡುತ್ತಿದ್ದ ಗೇಯೋರ್ಗ್ ಮಿಖಾಯೆಲ್ ಪ್ಫಾಫ್ 1862ರಲ್ಲಿ ಕೈಯಾರೆ ಮಾಡಿದ ಮೊದಲ ಹೊಲಿಗೆ ಯಂತ್ರವೂ ಜೋಡಿನ ತೊಗಲಿಗಾಗಿಯೇ. ಆ ಹೆಸರಿನ ಯಂತ್ರಗಳನ್ನು ನಮ್ಮ ಕಾರ್ಖಾನೆಗಳಲ್ಲಿ ಇಂದಿಗೂ ಕಾಣಬಹುದು.

ಅಟ್ಟೆಯ ಕಡೆಯೂ ಯಂತ್ರಗಳು ಬಂದವು. 1858ರಲ್ಲಿ ಲೈಮನ್ ಬ್ಲೇಕ್‌ನ ಅಟ್ಟೆ ಹೊಲಿಯುವ ಯಂತ್ರ. ಸುರಿನಾಮ್‌ನಲ್ಲಿ ಹುಟ್ಟಿ ಲಿನ್‌ಗೆ ಬಂದು ನೆಲೆಸಿದ ಯಾನ್ ಮಾಟ್ಸೆಲಿಗರ್ ಎಂಬ ಕಪ್ಪು ತರುಣನ 1883ರ ಲಾಸ್ಟಿಂಗ್ ಯಂತ್ರ, ಅಂದರೆ ಅಪ್ಪರನ್ನು ಕಾಲಿನ ಅಚ್ಚಿನ ಮೇಲೆ ಎಳೆದು ಕೂರಿಸುವ ಯಂತ್ರ. ದಿನಕ್ಕೆ ಐವತ್ತು ಜೋಡಿ ಮಾಡುವವನು ನಿಪುಣ ಎನಿಸಿಕೊಳ್ಳುತ್ತಿದ್ದ ಕಾಲದಲ್ಲಿ ಆ ಯಂತ್ರ ನೂರಾರು ಜೋಡಿ ಮಾಡಿತು. ಮಾಟ್ಸೆಲಿಗರ್ ಕ್ಷಯದಿಂದ 1889ರಲ್ಲಿ, ಇನ್ನೂ ನಲವತ್ತು ತುಂಬದೆ ತೀರಿಕೊಂಡ.

ಆದರೆ ಅಪ್ಪರ್ ಯಂತ್ರಕ್ಕೆ ಪೂರ್ತಿ ಒಪ್ಪಿಸಿಕೊಳ್ಳಲಿಲ್ಲ. ಕಾರಣ ಅದರ ಆಕಾರದಲ್ಲಿದೆ. ಮುಂಗಾಲಿನ ಭಾಗ ವ್ಯಾಂಪ್, ಹಿಮ್ಮಡಿಯ ಎರಡು ಬದಿ ಕ್ವಾರ್ಟರ್, ಒಳಗೆ ಲೈನಿಂಗ್. ಇವೆಲ್ಲ ಚಪ್ಪಟೆ ತುಂಡುಗಳಾಗಿ ಶುರುವಾಗಿ, ಒಂದಕ್ಕೊಂದು ಸೇರುತ್ತಾ ಹೋದಂತೆ ಚೀಲದಂತೆ ಗುಂಡಗಾಗುತ್ತವೆ. ಚಪ್ಪಟೆ ಇರುವವರೆಗೆ ಸಮತಟ್ಟಾದ ಹಾಸಿನ ಮೆಷಿನ್ ಸಾಕು. ಹಿಂಬದಿ ಕೂಡಿದ ಮೇಲೆ ಅದು ಕೆಲಸಕ್ಕೆ ಬಾರದು. ಅದಕ್ಕಾಗಿ ಹುಟ್ಟಿದ್ದು ಪೋಸ್ಟ್ ಬೆಡ್ ಮೆಷಿನ್. ಮೇಜಿನಿಂದ ಎದ್ದ ಕಂಬ, ಅದರ ತುದಿಯಲ್ಲಿ ಕೆಳಗಿನ ದಾರದ ಬಾಬಿನ್. ಅಪ್ಪರ್ ಆ ಕಂಬದ ಸುತ್ತ ಇಳಿಬಿದ್ದು ತಿರುಗುತ್ತದೆ. ತುಂಡನ್ನು ಅದುಮಿ ಹಿಡಿಯುವ ಒತ್ತುಪಾದದ ಜಾಗದಲ್ಲಿ ಸಣ್ಣ ಉರುಳೆ, ಕೆಳಗೆ ಹಲ್ಲಿನ ಚಕ್ರ. ಬಿಗಿ ತಿರುವಿನಲ್ಲೂ ತೊಗಲು ಸವೆಯದೆ, ಗುರುತು ಬೀಳದೆ ಸಾಗುತ್ತದೆ. ರಿಪೇರಿಯವರ ಬಳಿ ಕಾಣುವ, ಕೈಯಿಂದ ತಿರುಗಿಸುವ ಉದ್ದ ತೋಳಿನ ಮೆಷಿನ್ನಿನ ಹಿರಿಯಣ್ಣ ಸಿಂಗರ್ 29ಕೆ. ಸ್ಕಾಟ್ಲೆಂಡಿನಲ್ಲಿ ತಯಾರಾಗುತ್ತಿತ್ತು. ಅದರ ಒತ್ತುಪಾದ ಸುತ್ತಲೂ ತಿರುಗುವುದರಿಂದ ಜೋಡನ್ನು ತಿರುಗಿಸದೆ ಯಾವ ದಿಕ್ಕಿಗಾದರೂ ಹೊಲಿಯಬಹುದು.

ಕಾಗದದ ಅಭ್ಯಾಸ ಮುಗಿಸಿದ ಕಲಿಯುವವಳು ಈಗ ಚೂರು ತೊಗಲಿಗೆ ಬರುತ್ತಾಳೆ. ಮೊದಲ ಪಾಠ ಹೆರೆಯುವುದು, ಸ್ಕೈವಿಂಗ್. ಒಂದರ ಮೇಲೊಂದು ಬರುವ ಅಂಚುಗಳನ್ನು ತೆಳುವಾಗಿ ಹೆರೆಯದಿದ್ದರೆ ಹೊಲಿಗೆಯ ಜಾಗ ದಪ್ಪಗಾಗಿ ಕಾಲನ್ನು ಕಚ್ಚುತ್ತದೆ. ಊರಿನ ಕಸುಬಿನವರು ರಂಪಿಗೆಯಿಂದ ಮಾಡುತ್ತಿದ್ದ ಕೆಲಸವೇ ಇದು. ಆಮೇಲೆ ಅಂಟು ಸವರಿ ಗುರುತಿಗೆ ಗುರುತು ಹೊಂದಿಸುವುದು. ಆಮೇಲೆ ಹೊಲಿಗೆಯ ಅಂತರ. ಹೊಲಿಗೆ ತೀರ ಒತ್ತೊತ್ತಾಗಿ ಬಿದ್ದರೆ ತೊಗಲು ಅಂಚೆಚೀಟಿಯ ಅಂಚಿನಂತಾಗಿ, ಅಚ್ಚಿನ ಮೇಲೆ ಎಳೆಯುವಾಗ ಸೀಳುತ್ತದೆ. ಆ ಸೀಳು ಕಾಣಿಸಿಕೊಳ್ಳುವುದು ಬೇರೆ ವಿಭಾಗದಲ್ಲಿ, ಬೇರೆಯವರ ಕೈಯಲ್ಲಿ, ಬೇರೆ ದಿನ. ಮೂಲೆ ತಿರುಗಿಸುವಾಗ ಸೂಜಿ ತೊಗಲಿನೊಳಗೇ ಇರಬೇಕು. ಮಂಡಿಯಿಂದ ಒತ್ತುಪಾದ ಎತ್ತಿ, ತುಂಡನ್ನು ತಿರುಗಿಸಿ, ಮತ್ತೆ ಇಳಿಸಬೇಕು. ಬಾಗಿನ ಕೊನೆಯ ಎರಡು ಮೂರು ಹೊಲಿಗೆಗೆ ಮೋಟಾರನ್ನು ನಂಬದೆ ಚಕ್ರವನ್ನು ಕೈಯಿಂದಲೇ ತಿರುಗಿಸುವುದುಂಟು. ಇದರ ಮೇಲೆ ಎಡ-ಬಲದ ಕಷ್ಟ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎಷ್ಟೋ ಜೋಡುಗಳಿಗೆ ಎಡ-ಬಲ ಭೇದವೇ ಇರಲಿಲ್ಲ. ಈಗ ಎಡಗಾಲಿಗೆ ಕೈ ಯಾವ ಕಡೆ ತಿರುಗಿತೋ ಬಲಗಾಲಿಗೆ ಅದರ ವಿರುದ್ಧ ದಿಕ್ಕಿಗೆ ಅಷ್ಟೇ ಸಲೀಸಾಗಿ ತಿರುಗಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಕನ್ನಡಿಯಲ್ಲಿ ಕಂಡಂತಿರಬೇಕು. ಇದಕ್ಕೆ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ.

ನಮ್ಮ ದೇಶಕ್ಕೆ ಈ ಕೆಲಸ ಕಾರ್ಖಾನೆಯ ರೂಪದಲ್ಲಿ ಬಂದದ್ದು ಸೈನ್ಯದ ಬೂಟಿನ ಮೂಲಕ. ಕಾನ್ಪುರದಲ್ಲಿ 1880ರ ದಶಕದಲ್ಲಿ ಕೂಪರ್ ಅಲೆನ್ ಕಂಪನಿ ಶುರುವಾಯಿತು. 1930ರ ದಶಕದಲ್ಲಿ ಬಾಟಾ ಕಲ್ಕತ್ತೆಯ ಬಳಿ ಒಂದು ಊರನ್ನೇ ಕಟ್ಟಿತು. ಆಗ್ರಾದ ಮನೆ-ಕಾರ್ಖಾನೆಗಳಲ್ಲಿ ಅಪ್ಪರ್‌ಮನ್, ಬಾಟಮ್‌ಮನ್ ಎಂಬ ಹೆಸರುಗಳೇ ಇವೆ. ಅಲ್ಲಿ ಅಪ್ಪರ್ ಮೆಷಿನ್ ಗಂಡಸರ ಕೈಯಲ್ಲಿ. ದಕ್ಷಿಣದಲ್ಲಿ ಹಾಗಾಗಲಿಲ್ಲ. ಹಸಿ ತೊಗಲನ್ನು ಹೊರದೇಶಕ್ಕೆ ಕಳಿಸುವುದನ್ನು 1973ರಲ್ಲಿ ಸರ್ಕಾರ ನಿಲ್ಲಿಸಿತು. ಹಿಂದಿನ ವರ್ಷ ಸೀತಾರಾಮಯ್ಯ ಸಮಿತಿ ಇದಕ್ಕೆ ದಾರಿ ತೋರಿತ್ತು. ಹದ ಮಾಡಿದ ತೊಗಲು, ಅಪ್ಪರ್, ಪೂರ್ತಿ ಜೋಡು ಎಂದು ತಮಿಳುನಾಡಿನ ಪಾಲಾರ್ ನದಿಯ ತೀರದ ಊರುಗಳು ಒಂದೊಂದೇ ಮೆಟ್ಟಿಲು ಹತ್ತಿದವು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಆಂಬೂರು, ವಾಣಿಯಂಬಾಡಿ ದಾಟುತ್ತೇವಲ್ಲ, ಅಲ್ಲಿ ಹೊಲಿದ ಅಪ್ಪರ್‌ಗಳು ಯುರೋಪಿಗೆ ಹೋಗಿ ಅಲ್ಲಿ ಅಟ್ಟೆ ಕೂಡಿಸಿಕೊಂಡು ಅಲ್ಲಿನ ಹೆಸರಿನಲ್ಲಿ ಮಾರಾಟವಾದವು. ಮೆಷಿನ್ನಿನ ಮುಂದೆ ಕೂತವರು ಬಹುಪಾಲು ಹೆಂಗಸರು. ಮೆಷಿನ್ನಿಗೆ ಒಗ್ಗದ, ಮೊಕಾಸಿನ್ ಬಗೆಯ ದಪ್ಪ ಹೊಲಿಗೆ ಮಾತ್ರ ಮನೆಗಳಿಗೆ ಹೋಯಿತು. ಆ ಮನೆಗಳ ಹೆಂಗಸರ ಬಗ್ಗೆ ಬೆಂಗಳೂರಿನ ಸಿವಿಡೆಪ್ ಸಂಸ್ಥೆ ಬ್ರಿಟನ್ನಿನ ಸಂಘಟನೆಗಳೊಡನೆ ಸೇರಿ 2016ರಲ್ಲಿ ವರದಿ ತಂದಿತು. ಅದರಲ್ಲಿ ಹೇಳಿರುವ ಜೋಡಿ ಲೆಕ್ಕದ ಕೂಲಿ, ಅಡುಗೆಯ ನಡುವಿನ ಹೊಲಿಗೆ, ನೋಯುವ ಕೈ ಬೆನ್ನುಗಳನ್ನು ಓದಿದಾಗ ನನಗೆ ಲಿನ್‌ನ ಬೈಂಡರುಗಳೇ ಎದುರು ನಿಂತಂತಾಯಿತು. ಅಪ್ಪರ್ ಹೊಲಿಗೆಯನ್ನು ಮನೆಗೆಲಸದ ಬಾಲ ಎಂದು ನೋಡುವ ಕಣ್ಣು ಎರಡು ಶತಮಾನ ಕಳೆದರೂ ಬದಲಾಗಿಲ್ಲ, ಮತ್ತು ಇದು ನನ್ನನ್ನು ನೋಯಿಸುತ್ತದೆ.

ನಮ್ಮ ಅಥಣಿಯಲ್ಲೂ ಕೊಲ್ಹಾಪುರಿ ಚಪ್ಪಲಿಯ ಅಟ್ಟೆ ಗಂಡಸರದು, ಮೇಲಿನ ಹೆಣಿಗೆ, ನಾಜೂಕು ಹೊಲಿಗೆ ಹೆಚ್ಚಾಗಿ ಹೆಂಗಸರದು. ಆ ಚಪ್ಪಲಿಗೆ ಮೆಷಿನ್ ಹೊಲಿಗೆ ಬೇಕಿಲ್ಲ, ಅದರ ಬೆಲೆ ಕೈಹೊಲಿಗೆಯಲ್ಲೇ ಇದೆ. ಜೋಡು ಹೊಲಿಯುವ ಶರಣ ಹರಳಯ್ಯನ ಕಥೆಯಲ್ಲೂ ಬಸವಣ್ಣನವರಿಗಾಗಿ ಮಾಡಿದ ಪಾದುಕೆಗಳಲ್ಲಿ ಒಂದಕ್ಕೆ ಹೆಂಡತಿ ಕಲ್ಯಾಣಮ್ಮ ತನ್ನ ತೊಡೆಯ ಚರ್ಮ ಕೊಟ್ಟಳೆಂದಿದೆ. ಜೋಡು ಇಬ್ಬರ ದುಡಿಮೆ ಎಂಬುದನ್ನು ಆ ಕಥೆ ಕಟ್ಟಿದವರು ಬಲ್ಲವರಾಗಿದ್ದರು. 1976ರಲ್ಲಿ ಹುಟ್ಟಿದ ನಮ್ಮ ರಾಜ್ಯದ ಲಿಡ್ಕರ್ ನಿಗಮ ಚರ್ಮದ ಕಸುಬಿನವರಿಗೆ ತರಬೇತಿ ಕೊಡುತ್ತಾ ಬಂದಿದೆ. ಅಲ್ಲಿ ಅಪ್ಪರ್ ಮೆಷಿನ್ ಕಲಿಯಲು ಹೆಣ್ಣುಮಕ್ಕಳು ಹೆಚ್ಚು ಹೆಚ್ಚು ಬರಬೇಕೆಂಬುದು ನನ್ನ ಆಸೆ.

ಈ ಕೆಲಸವನ್ನು ಮನುಷ್ಯರಿಂದ ಬಿಡಿಸುವ ಪ್ರಯತ್ನ ನಿಂತಿಲ್ಲ. 2012ರಿಂದ ದೊಡ್ಡ ಕ್ರೀಡಾ ಕಂಪನಿಗಳು ಅಪ್ಪರನ್ನು ಸ್ವೆಟರಿನ ಹಾಗೆ ಒಂದೇ ತುಂಡಾಗಿ ಹೆಣೆದು ತೆಗೆಯತೊಡಗಿದವು. ಅಡಿಡಾಸ್ ಜರ್ಮನಿಯ ಆನ್ಸ್‌ಬಾಖ್‌ನಲ್ಲೂ ಅಮೆರಿಕದ ಅಟ್ಲಾಂಟಾದಲ್ಲೂ ರೋಬೋಟುಗಳ ಕಾರ್ಖಾನೆ ತೆರೆದು, ಅವನ್ನು ಮುಚ್ಚುವುದಾಗಿ 2019ರಲ್ಲಿ ಪ್ರಕಟಿಸಿತು. ಚಪ್ಪಟೆ ತುಂಡಿನ ಮೇಲಿನ ಅಲಂಕಾರದ ಹೊಲಿಗೆಯನ್ನು ಕಂಪ್ಯೂಟರ್ ಮೆಷಿನ್ನುಗಳು ಚೆನ್ನಾಗಿಯೇ ಮಾಡುತ್ತವೆ. ಆದರೆ ತೊಗಲು ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಬಿಗಿ; ಒಂದೇ ಪ್ರಾಣಿಯ ಬೆನ್ನು ಬೇರೆ, ಹೊಟ್ಟೆ ಬೇರೆ. ಗುಂಡಗಾದ ಅಪ್ಪರ್ ಕಂಬದ ಮೇಲೆ ತಿರುಗುವಾಗ ಎಷ್ಟು ಎಳೆಯಬೇಕು, ಎಷ್ಟು ಬಿಡಬೇಕು ಎಂಬುದನ್ನು ಈಗಲೂ ಹೊಲಿಯುವವಳ ಬೆರಳೇ ಗೊತ್ತುಮಾಡುತ್ತದೆ. ತಮಿಳುನಾಡಿನ ಚೆಯ್ಯಾರ್, ಪೆರಂಬಲೂರು ಕಡೆ ಎದ್ದಿರುವ ಹೊಸ ಪಾದರಕ್ಷೆ ಕಾರ್ಖಾನೆಗಳು ಸುತ್ತಲಿನ ಹಳ್ಳಿಗಳ ಯುವತಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿವೆ. ಅಲ್ಲಿ ಹೊಲಿಗೆ ಕಲಿಯುವ ತಿಂಗಳುಗಳಿಗೆ ಏನು ಸಂಬಳ, ಕಲಿತ ಮೇಲೆ ಎಷ್ಟು ಹೆಚ್ಚಳ ಎಂದು ಆ ಹುಡುಗಿಯರು ಸೇರುವ ದಿನವೇ ಕೇಳಬೇಕು. ಕೇಳುವ ಹಕ್ಕು ಅವರಿಗಿದೆ.