ಡಬ್ಬಿಯ ಸೂಪಿಗೆ ಬದಲು ಮನೆಯ ಕಟ್ಟು

ಸೂಪಿನ ನೀರಿನಂಶ ತಗ್ಗಿಸಿ ಡಬ್ಬಿಗೆ ತುಂಬುವ ಕ್ರಮವನ್ನು 1897ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಕಂಪೆನಿಯ ರಸಾಯನಶಾಸ್ತ್ರಜ್ಞ ಜಾನ್ ಡೊರೆನ್ಸ್ ರೂಪಿಸಿದನು. 1934ರಲ್ಲಿ ಅದೇ ಕಂಪೆನಿ ಕೆನೆ ಬೆರೆತ ಅಣಬೆ ಸೂಪನ್ನು ಮಾರಾಟಕ್ಕೆ ತಂದಿತು. ಪರದೇಶದ ಪಾಕಪುಸ್ತಕಗಳು ‘ಒಂದು ಡಬ್ಬಿ ಕೆನೆ ಸೂಪು’ ಎಂದು ಸುಲಭವಾಗಿ ಬರೆದುಬಿಡುತ್ತವೆ. ನಮ್ಮ ಗೃಹಿಣಿಯರು ಅದಕ್ಕಾಗಿ ಹಣ ತೆರಬೇಕೆ? ಬೇಕಿಲ್ಲ.

ಆ ಡಬ್ಬಿಯ ಮುಖ್ಯ ಗುಣಗಳು ಎರಡು: ಹಿಟ್ಟಿನ ಮಂದ, ಜಿಡ್ಡಿನ ನುಣುಪು. ಮೊದಲನೆಯದಕ್ಕೆ ಮಧುಗಿರಿ, ಕೊರಟಗೆರೆಗಳ ರಾಗಿಯುಂಟು; ಎರಡನೆಯದಕ್ಕೆ ಶಿರಾ, ಪಾವಗಡಗಳ ಕಡಲೆಕಾಯಿಯುಂಟು. ಇವೆರಡನ್ನೂ ಕೂಡಿಸಲು ಹುರುಳಿಯ ಕಟ್ಟು ಇದ್ದೇ ಇದೆ. ಬಸಿದ ಕಟ್ಟಿನ ಸಾರೇ ಅಲ್ಲವೆ ನಮ್ಮ ಬಸ್ಸಾರು!

ಒಂದು ಹಿಡಿ ಕಡಲೆಕಾಯಿ ಬೀಜವನ್ನು ನಾಲ್ಕು ಗಂಟೆ ನೆನೆಸಿ, ನುಣ್ಣಗೆ ಅರೆದು, ಅರ್ಧ ಲೋಟ ನೀರು ಕೂಡಿಸಿ ಬಟ್ಟೆಯಲ್ಲಿ ಸೋಸಿರಿ. ಮುಗ್ಗಿದ, ಕಹಿಯಾದ ಬೀಜವನ್ನು ಬಿಸಾಡಿರಿ. ಬೂಷ್ಟಿನ ವಿಷ ಕುದಿಸಿದರೂ ಹೋಗದು. ಮೂರು ದೊಡ್ಡ ಚಮಚ ರಾಗಿಹಿಟ್ಟನ್ನು ಘಮ್ಮೆನ್ನುವಂತೆ ಹುರಿದು, ಆರಿದ ಮೇಲೆ ತಣ್ಣೀರಿನಲ್ಲಿ ಕದಡಿರಿ. ಒಣಹಿಟ್ಟನ್ನೇ ಕುದಿಯುವ ನೀರಿಗೆ ಸುರಿದರೆ ಹೊರಗು ಬೆಂದು, ಒಳಗು ಹಸಿಯಾಗಿಯೇ ಉಳಿದು ಗಂಟು ಕಟ್ಟುತ್ತದೆ. ಒಂದು ಲೋಟ ಕಟ್ಟು ಕುದಿಯುವಾಗ ಈ ಕದಡನ್ನು ಹೊಯ್ದು, ತಿರುವುತ್ತ ಐದು ನಿಮಿಷ ಬೇಯಿಸಿರಿ. ಬಳಿಕ ಕಡಲೆಕಾಯಿಯ ಹಾಲು, ಉಪ್ಪು, ಮೆಣಸಿನ ಪುಡಿ ಸೇರಿಸಿ ಇನ್ನೊಮ್ಮೆ ಕುದಿಸಿರಿ. ಬಣ್ಣ ಕಂದು, ರುಚಿಗೆ ಕೊರತೆಯಿಲ್ಲ.

ಬಿಗಿಯಾಗಿ ಮುಚ್ಚಿ ಹೆಚ್ಚಿನ ಶಾಖ ಕೊಟ್ಟಿರುವುದರಿಂದ ಡಬ್ಬಿಯದು ಬಹುಕಾಲ ಕೆಡದು. ಮನೆಯದಕ್ಕೆ ಆ ರಕ್ಷೆಯಿಲ್ಲ, ಅಂದಂದೇ ಮುಗಿಸಿರಿ. ಹುರಿದ ಹಿಟ್ಟನ್ನು ಮಾತ್ರ ಒಣಡಬ್ಬಿಯಲ್ಲಿ ಕಾದಿಡಬಹುದು. ಇನ್ನು ಮುಂದೆ ಹುರುಳಿ ಬೆಂದ ದಿನ, ತಾಯಂದಿರೆ, ಕಟ್ಟನ್ನು ಚೆಲ್ಲಬೇಡಿರಿ.